‘ನಮ್ಮಪ್ಪ ಇದನ್ನು ನೋಡಿ ಬೀಡಿ ಬಿಡ್ತಾರಾ ಮಿಸ್?’

ಪ್ರಶ್ನೆ: ನಾನು ಪಿರಿಯಾಪಟ್ಟಣ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಚಿತ್ರಕಲಾ ಶಿಕ್ಷಕಿ. ಮೇ 31 ವಿಶ್ವ ತಂಬಾಕು ರಹಿತ ದಿನ. ಪ್ರತಿವರ್ಷ ಜಾಥಾ ಮಾಡುತ್ತೇವೆ, ಘೋಷಣೆ ಕೂಗಿಸುತ್ತೇವೆ, ಪ್ರತಿಜ್ಞೆ ಮಾಡಿಸುತ್ತೇವೆ. ಈ ಸಲ ಮಕ್ಕಳ ಕೈಲಿ ಧೂಮಪಾನದ ಅಪಾಯ ತಿಳಿಸುವ ಅಂಚೆ ಚೀಟಿ ಬರೆಸೋಣ ಅಂದುಕೊಂಡೆ. ಬೇಸಿಗೆ ರಜೆಗೆ ಮುಂಚೆ ಒಂದು ಸಲ ಬರೆಸಿ ನೋಡಿದೆ. 34 ಮಕ್ಕಳಲ್ಲಿ 29 ಮಕ್ಕಳು ತಲೆಬುರುಡೆ ಬರೆದರು. ಒಬ್ಬಳು ಮಾತ್ರ ಖಾಲಿ ಹಾಳೆ ಇಟ್ಟುಕೊಂಡು ಕೂತಿದ್ದಳು. ಯಾಕೆ ಅಂತ ಕೇಳಿದರೆ, ‘ನಮ್ಮಪ್ಪ ಇದನ್ನು ನೋಡಿ ಬೀಡಿ ಬಿಡ್ತಾರಾ ಮಿಸ್?’ ಅಂದಳು. ನನಗೆ ಉತ್ತರ ಹೊಳೆಯಲಿಲ್ಲ. ನಮ್ಮ ಹೆಡ್ ಮಾಸ್ಟರ್‌ಗೂ ಅಷ್ಟು ಮನಸ್ಸಿಲ್ಲ. ‘ಗೊತ್ತಿಲ್ಲದ ಮಕ್ಕಳಿಗೆ ನಾವೇ ಸಿಗರೇಟು ತೋರಿಸಿಕೊಟ್ಟ ಹಾಗಾಗುತ್ತದೆ. ಮೇಲಾಗಿ ಊರಲ್ಲಿ ಅರ್ಧ ಮನೆಯವರು ಹೊಗೆಸೊಪ್ಪು ಬೆಳೆಯೋರು’ ಅನ್ನುತ್ತಾರೆ. ಬೇರೆ ದೇಶಗಳಲ್ಲಿ ಇಂಥ ಅಂಚೆ ಚೀಟಿ ಬಂದಿವೆಯಾ? ಅದರಿಂದ ಏನಾದರೂ ಉಪಯೋಗ ಆಗುತ್ತದಾ? ಮಕ್ಕಳು ಬರೆದದ್ದನ್ನು ನಿಜವಾದ ಅಂಚೆ ಚೀಟಿಯಾಗಿ ಮಾಡಿಸಬಹುದಾ?

ಉತ್ತರ: ಮೇಡಂ, ನೀವು ಕೇಳಿರುವುದು ಮೂರು ಪ್ರಶ್ನೆ. ಆದರೆ ನಿಮ್ಮನ್ನು ಕಾಡುತ್ತಿರುವುದು ಆ ಹುಡುಗಿ ಕೇಳಿದ ಒಂದೇ ಪ್ರಶ್ನೆ ಅನ್ನಿಸುತ್ತದೆ. ಅದಕ್ಕೇ ಮೊದಲು ಉತ್ತರ ಹೇಳಿಬಿಡುತ್ತೇನೆ. ಇಲ್ಲ, ಬಿಡುವುದಿಲ್ಲ. ನಾನು ಶ್ವಾಸಕೋಶದ ವೈದ್ಯ. ಇಪ್ಪತ್ತು ವರ್ಷದಿಂದ ತಂಬಾಕು ಬಿಡಿಸುವ ಕ್ಲಿನಿಕ್ ನಡೆಸುತ್ತಿದ್ದೇನೆ. ಆರನೇ ಕ್ಲಾಸಿನಿಂದ ಅಂಚೆ ಚೀಟಿ ಕೂಡಿಡುವ ಹುಚ್ಚೂ ಇದೆ. ಇಷ್ಟು ವರ್ಷದಲ್ಲಿ ‘ಒಂದು ಸ್ಟಾಂಪ್ ನೋಡಿದೆ, ಬೀಡಿ ಬಿಟ್ಟೆ’ ಅಂದವರು ನನಗೆ ಒಬ್ಬರೂ ಸಿಕ್ಕಿಲ್ಲ.

ಹಾಗಂತ ನಿಮ್ಮ ಯೋಚನೆ ಕೈಬಿಡಬೇಡಿ. ಅಂಚೆ ಚೀಟಿಗೆ ಅದರದ್ದೇ ಒಂದು ಶಕ್ತಿ ಇದೆ. ಆ ಶಕ್ತಿ ಹೆದರಿಸುವುದರಲ್ಲಿ ಇಲ್ಲ, ಅಷ್ಟೇ. ಅದು ಎಲ್ಲಿದೆ ಅಂತ ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗೋಣ.

ರೋಗದ ವಿರುದ್ಧ ಅಂಚೆಯನ್ನು ಬಳಸಿದ ಕಥೆ ಶುರುವಾದದ್ದು ಒಬ್ಬ ಅಂಚೆ ಗುಮಾಸ್ತನಿಂದ. ಡೆನ್ಮಾರ್ಕ್‌ನ ಐನಾರ್ ಹೋಲ್ಬೋಲ್ ಅಂತ. ಕ್ರಿಸ್‌ಮಸ್ ಸಮಯದಲ್ಲಿ ರಾಶಿ ರಾಶಿ ಕಾಗದಗಳನ್ನು ವಿಂಗಡಿಸುತ್ತಾ ಅವನಿಗೊಂದು ಯೋಚನೆ ಬಂತು. ಪ್ರತಿ ಲಕೋಟೆಗೂ ಅಂಚೆ ಚೀಟಿಯ ಜೊತೆ ಇನ್ನೊಂದು ಪುಟ್ಟ ಚೀಟಿ ಅಂಟಿಸಿದರೆ, ಆ ಹಣದಿಂದ ಕ್ಷಯ ಹಿಡಿದ ಮಕ್ಕಳಿಗೆ ಆಸ್ಪತ್ರೆ ಕಟ್ಟಿಸಬಹುದಲ್ಲ ಅಂತ. 1904ರಲ್ಲಿ ಆ ಚೀಟಿ ಬಂತು. 1907ರಲ್ಲಿ ಅಮೆರಿಕದಲ್ಲಿ ಎಮಿಲಿ ಬಿಸೆಲ್ ಅದನ್ನೇ ಮಾಡಿದರು. ನಮ್ಮಲ್ಲೂ ಇಂಥದ್ದೇ ಪುಟ್ಟ ಚೀಟಿ ಬಂತು, ಕ್ಷಯರೋಗದ ಸೀಲ್ ಅಂತ. ನಾನು ಚಿಕ್ಕವನಿದ್ದಾಗ ನಮ್ಮ ಮೇಷ್ಟ್ರು ಆ ಹಾಳೆಗಳನ್ನು ಕ್ಲಾಸಿಗೆ ತಂದು ಮಾರಿಸುತ್ತಿದ್ದರು. ಎರಡು ಅಡ್ಡಗೆರೆಯ ಶಿಲುಬೆ ಗುರುತು ಇರುತ್ತಿತ್ತು. ನೋಡಲು ಸ್ಟಾಂಪಿನಂತೆಯೇ ಇದ್ದರೂ ಅದಕ್ಕೆ ಅಂಚೆಯ ಬೆಲೆ ಇರಲಿಲ್ಲ. ಈ ವ್ಯತ್ಯಾಸ ನೆನಪಿಡಿ. ಮುಂದೆ ನಿಮಗೆ ಬೇಕಾಗುತ್ತದೆ.

ಆಮೇಲೆ ಸರ್ಕಾರಗಳೇ ಇಳಿದವು. 1962ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮಲೇರಿಯಾ ವಿರುದ್ಧ ಕರೆ ಕೊಟ್ಟಾಗ ನೂರಕ್ಕೂ ಹೆಚ್ಚು ದೇಶಗಳು ಮತ್ತು ಪ್ರಾಂತ್ಯಗಳು ಅಂಚೆ ಚೀಟಿ ತಂದವು. ಭಾರತವೂ ಏಪ್ರಿಲ್ 7ರಂದು ಒಂದನ್ನು ತಂದಿತು. 1980ರಲ್ಲಿ ಸಿಗರೇಟಿನ ಸರದಿ. ಆ ವರ್ಷದ ವಿಶ್ವ ಆರೋಗ್ಯ ದಿನಕ್ಕೆ ‘ಧೂಮಪಾನವೋ ಆರೋಗ್ಯವೋ, ಆಯ್ಕೆ ನಿಮ್ಮದು’ ಅನ್ನುವ ಅರ್ಥದ ಘೋಷವಾಕ್ಯ ಇತ್ತು. ಫ್ರಾನ್ಸ್, ಕುವೈತ್, ಸೌದಿ ಅರೇಬಿಯಾ ಸೇರಿ ಹಲವು ದೇಶಗಳು ಧೂಮಪಾನದ ವಿರುದ್ಧ ಚೀಟಿ ತಂದವು. ಎಂಟು ವರ್ಷದ ನಂತರ, 1988ರ ಏಪ್ರಿಲ್ 7ರಂದು, ಮೊದಲ ತಂಬಾಕು ರಹಿತ ದಿನ ನಡೆಯಿತು. ಮರುವರ್ಷದಿಂದ ಅದು ಮೇ 31ಕ್ಕೆ ಬಂತು.

ಇಂಥ ಚೀಟಿಗಳಿಗೆ ನನ್ನ ಆಲ್ಬಮ್‌ನಲ್ಲಿ ಒಂದು ಪುಟ ಇಟ್ಟಿದ್ದೇನೆ. ಅವುಗಳಿಂದ ಎಷ್ಟು ಜನ ಬಿಟ್ಟರು ಅಂತ ಯಾರೂ ಲೆಕ್ಕ ಇಡಲು ಸಾಧ್ಯವಿರಲಿಲ್ಲ. ಆದರೆ ಒಂದು ಮಾತು ಖಂಡಿತ. ಅದಕ್ಕೆ ಮುಂಚೆ ಅಂಚೆ ಚೀಟಿಯಲ್ಲಿ ತಂಬಾಕು ಕಂಡರೆ ಹೆಚ್ಚಾಗಿ ಅದು ಹೆಮ್ಮೆಗೆ. ಕ್ಯೂಬಾದಂಥ ದೇಶಗಳು ತಂಬಾಕಿನ ಎಲೆಯನ್ನು, ಸಿಗಾರನ್ನು ದೇಶದ ಸಂಪತ್ತು ಅಂತ ಮುದ್ರಿಸಿವೆ. ಒಂದು ಸರ್ಕಾರ ಅದೇ ಪುಟ್ಟ ಕಾಗದದ ಮೇಲೆ ‘ಇದು ಆರೋಗ್ಯಕ್ಕೆ ಕೆಟ್ಟದ್ದು’ ಅಂತ ಅಚ್ಚು ಹಾಕಿತು ಅಂದರೆ ಅದು ಸಣ್ಣ ತಿರುವಲ್ಲ.

ಇನ್ನೊಂದು ಸ್ವಾರಸ್ಯದ ಕಥೆ ಇದೆ. ಇದನ್ನು ನಿಮ್ಮ ಮಕ್ಕಳಿಗೆ ಹೇಳಲೇಬೇಕು.

ಅಮೆರಿಕದಲ್ಲಿ ರಾಬರ್ಟ್ ಜಾನ್ಸನ್ ಅಂತ ಬ್ಲೂಸ್ ಹಾಡುಗಾರ ಇದ್ದರು. 1938ರಲ್ಲಿ ತೀರಿಕೊಂಡರು. ಅವರ ಫೋಟೋಗಳು ಸಿಕ್ಕಿರುವುದೇ ಬೆರಳೆಣಿಕೆಯಷ್ಟು. ಅವುಗಳಲ್ಲಿ ಹೆಸರಾದ ಒಂದರಲ್ಲಿ ಕೈಯಲ್ಲಿ ಗಿಟಾರ್, ತುಟಿಯಲ್ಲಿ ಸಿಗರೇಟು. 1994ರಲ್ಲಿ ಅದನ್ನು ನೋಡಿಕೊಂಡು ಅಂಚೆ ಚೀಟಿ ಮಾಡಿದರು. ಗಿಟಾರ್ ಇದೆ, ಉದ್ದನೆಯ ಬೆರಳುಗಳಿವೆ, ಸಿಗರೇಟು ಮಾತ್ರ ಇಲ್ಲ. 1996ರಲ್ಲಿ ಫ್ರಾನ್ಸ್ ಲೇಖಕ ಆಂದ್ರೆ ಮಾಲ್ರೋ ಅವರ ಚೀಟಿ ತಂದಿತು. ಗಾಳಿಗೆ ಕೆದರಿದ ಕೂದಲಿನ ಹಳೇ ಫೋಟೋ ಅದಕ್ಕೆ ಆಧಾರ. ಅಲ್ಲೂ ತುಟಿಯಲ್ಲಿದ್ದ ಸಿಗರೇಟು ಮಾಯ. ಮತ್ತೆ ಅಮೆರಿಕದಲ್ಲಿ, 1999ರಲ್ಲಿ ಚಿತ್ರಕಾರ ಜಾಕ್ಸನ್ ಪೊಲಾಕ್, 2008ರಲ್ಲಿ ನಟಿ ಬೆಟ್ಟಿ ಡೇವಿಸ್. ಇಬ್ಬರ ಚೀಟಿಯಲ್ಲೂ ಹೀಗೇ ಆಯಿತು.

ಜರ್ಮನಿಯಲ್ಲಿ ಉಲ್ಟಾ ನಡೆಯಿತು. 2001ರಲ್ಲಿ ನಟಿ ಆಡ್ರೆ ಹೆಪ್‌ಬರ್ನ್ ಅವರ ಚೀಟಿ ತರಲು ಹೊರಟರು. 1 ಕೋಟಿ 40 ಲಕ್ಷ ಪ್ರತಿ ಅಚ್ಚಾಯಿತು. ಅದರಲ್ಲಿ ಅವರ ಬಾಯಲ್ಲಿ ಉದ್ದನೆಯ ಸಿಗರೇಟ್ ಹೋಲ್ಡರ್ ಇತ್ತು. ಅವರ ಮಗ ಒಪ್ಪಲಿಲ್ಲ. ಆಗ ಅಷ್ಟನ್ನೂ ನಾಶ ಮಾಡಿದರು. ಹೇಗೋ ಉಳಿದುಬಿಟ್ಟ ಹತ್ತು ಚೀಟಿಯ ಒಂದು ಹಾಳೆ 2010ರಲ್ಲಿ ಬರ್ಲಿನ್‌ನ ಹರಾಜಿನಲ್ಲಿ 4,30,000 ಯೂರೋಗೆ ಹೋಯಿತು. ಆ ಹಣದಲ್ಲಿ ಹೆಚ್ಚಿನ ಪಾಲು ಮಕ್ಕಳಿಗಾಗಿ ಕೆಲಸ ಮಾಡುವ ಸಂಸ್ಥೆಗಳಿಗೆ ಸೇರಿತು.

ಹೀಗೆ ಅಳಿಸುವುದು ಸರಿಯಾ ಅಂತ ದೊಡ್ಡ ಜಗಳವೇ ಆಗಿದೆ. ‘ಇದ್ದದ್ದನ್ನು ಇಲ್ಲ ಅಂತ ತೋರಿಸುವುದು ಸುಳ್ಳು’ ಅನ್ನುವವರ ಮಾತಿನಲ್ಲಿ ನ್ಯಾಯ ಇದೆ. ಆದರೆ ನನಗೆ ಇದರಲ್ಲಿ ಕಾಣುವುದು ಬೇರೆ. ಅಂಚೆ ಚೀಟಿ ಅಂದರೆ ಗೌರವ. ಒಂದು ದೇಶ ಯಾರನ್ನು ನೆನೆಯಬೇಕು, ಯಾವ ರೂಪದಲ್ಲಿ ನೆನೆಯಬೇಕು ಅಂತ ಆರಿಸಿ ಇಡುವ ಜಾಗ ಅದು. ಆ ಜಾಗದಲ್ಲಿ ಮನುಷ್ಯ ಉಳಿದ, ಸಿಗರೇಟು ಹೋಯಿತು. ಸಿಗರೇಟು ತೆಗೆದರೂ ಜಾನ್ಸನ್ ಜಾನ್ಸನ್ನೇ ಆಗಿದ್ದಾರೆ. ಬೀಡಿ ಬಿಡಲು ಒದ್ದಾಡುವವನಿಗೆ ಒಳಗೊಳಗೇ ಇರುವ ದೊಡ್ಡ ಭಯವೇ ಇದು. ‘ಇದಿಲ್ಲದೆ ನಾನು ನಾನಾಗಿ ಇರ್ತೀನಾ?’ ಅಂತ.

ಈಗ ಆ 29 ತಲೆಬುರುಡೆಗಳ ವಿಷಯಕ್ಕೆ ಬರೋಣ. ಭಯಂಕರ ಚಿತ್ರ ತೋರಿಸಿದರೆ ಬಿಟ್ಟೇಬಿಡುತ್ತಾರೆ ಅನ್ನುವುದು ಅರ್ಧ ನಿಜ. ನಮ್ಮ ದೇಶದಲ್ಲಿ 2009ರ ಮೇ 31ರಿಂದ ತಂಬಾಕಿನ ಪ್ಯಾಕೆಟ್ ಮೇಲೆ ಚಿತ್ರ ಎಚ್ಚರಿಕೆ ಬಂತು. 2016ರ ಏಪ್ರಿಲ್‌ನಿಂದ ಪ್ಯಾಕೆಟ್‌ನ ಎರಡೂ ಮುಖದಲ್ಲಿ ಶೇ 85 ಭಾಗ ಅದಕ್ಕೇ ಮೀಸಲು. ಅದು ಕೆಲಸ ಮಾಡುತ್ತದೆ, ಯಾಕೆಂದರೆ ಸೇದುವ ಹೊತ್ತಿಗೇ ಕಣ್ಣಿಗೆ ಬೀಳುತ್ತದೆ. ದಿನಕ್ಕೆ 20 ಸೇದುವವನು ವರ್ಷಕ್ಕೆ ಏಳು ಸಾವಿರ ಸಲ ಅದನ್ನು ನೋಡುತ್ತಾನೆ. ಅಂಚೆ ಚೀಟಿ ಹಾಗಲ್ಲ. ಹೆಬ್ಬೆರಳಿನಷ್ಟು ಅಗಲ, ಮೇಲೆ ಕಪ್ಪು ಮುದ್ರೆ ಬೇರೆ ಬಿದ್ದಿರುತ್ತದೆ, ಮನೆಗೆ ಬರುವುದು ಒಂದೇ ಸಲ. ಅಷ್ಟು ಜಾಗದಲ್ಲಿ ಬುರುಡೆ ಕಂಡರೆ ಮನುಷ್ಯ ಏನು ಮಾಡುತ್ತಾನೆ? ಮುಖ ತಿರುಗಿಸುತ್ತಾನೆ. ಹೆದರಿಸಿ, ಹೊರಗೆ ಬರುವ ದಾರಿ ತೋರಿಸದೆ ಬಿಟ್ಟರೆ ಜನ ಬೀಡಿಯನ್ನು ದೂರ ತಳ್ಳುವುದಿಲ್ಲ, ಮಾತನ್ನೇ ದೂರ ತಳ್ಳುತ್ತಾರೆ. ‘ಎಲ್ರೂ ಒಂದಿನ ಸಾಯೋದೇ ಬಿಡಿ ಸಾರ್’ ಅನ್ನುವ ಮಾತನ್ನು ನಾನು ವಾರಕ್ಕೆ ಹತ್ತು ಸಲ ಕೇಳುತ್ತೇನೆ. ಅದು ಧೈರ್ಯದ ಮಾತಲ್ಲ ಮೇಡಂ, ಹೆದರಿಕೆಯ ಮಾತು.

ಇನ್ನೊಂದು ತಪ್ಪನ್ನು ನಾನೇ ಮಾಡಿದ್ದೆ. ನನ್ನ ಕ್ಲಿನಿಕ್‌ನ ಗೋಡೆಯ ಮೇಲೆ ದೊಡ್ಡ ಪೋಸ್ಟರ್ ಇತ್ತು. ಉರಿಯುವ ಸಿಗರೇಟು, ಅದರ ಮೇಲೆ ಕೆಂಪು ಅಡ್ಡಗೆರೆ. ಸಿಗರೇಟಿನ ತುದಿಯಿಂದ ಹೊಗೆ ಸುರುಳಿ ಸುರುಳಿಯಾಗಿ ಏಳುತ್ತಿತ್ತು. ಒಳ್ಳೇ ಕಲಾವಿದರು ಬರೆದದ್ದು. ಬಿಟ್ಟು ಒಂಬತ್ತು ದಿನ ಆಗಿದ್ದ ಒಬ್ಬ ಆಟೋ ಚಾಲಕರು ಅದರ ಎದುರು ಬೆಂಚಿನ ಮೇಲೆ ಅರ್ಧ ಗಂಟೆ ಕಾದು ಕೂತಿದ್ದರು. ಒಳಗೆ ಬಂದವರೇ, ‘ಸಾರ್, ದಯವಿಟ್ಟು ಅದನ್ನ ತೆಗೀರಿ. ನೋಡ್ತಾ ನೋಡ್ತಾ ಬಾಯಲ್ಲಿ ನೀರು ಬರ್ತಿದೆ’ ಅಂದರು. ಅವತ್ತೇ ತೆಗೆಸಿದೆ. ಸೇದುವವರ ಮೆದುಳಿಗೆ ಅಡ್ಡಗೆರೆ ಕಾಣಿಸುವುದಕ್ಕಿಂತ ಮೊದಲು ಸಿಗರೇಟು ಕಾಣಿಸುತ್ತದೆ. ಉರಿಯುವ ತುದಿ, ಹೊಗೆ, ಬೆಂಕಿಪೊಟ್ಟಣ, ಇವು ಒಂದೊಂದೂ ಚಪಲ ಎಬ್ಬಿಸುತ್ತವೆ ಅಂತ ಸಂಶೋಧನೆಗಳೂ ತೋರಿಸಿವೆ.

ಹೀಗಾಗಿ ನಿಮ್ಮ ಹೆಡ್ ಮಾಸ್ಟರ್ ಹೇಳಿದ ಮೊದಲ ಮಾತನ್ನು ಪೂರ್ತಿ ತಳ್ಳಿಹಾಕಲು ಆಗುವುದಿಲ್ಲ. ಮಕ್ಕಳಿಗೆ ಸಿಗರೇಟು ಅಂದರೆ ಏನು ಅಂತ ಗೊತ್ತಿಲ್ಲ ಅನ್ನುವುದು ಮಾತ್ರ ಸುಳ್ಳು. ನಿಮ್ಮೂರಲ್ಲಂತೂ ಅದು ನಡೆದಾಡುವ ಮಗುವಿಗೂ ಗೊತ್ತು. ಮಕ್ಕಳು ಕಲಿಯುವುದು ಚಿತ್ರದಿಂದಲ್ಲ. ಮನೆಯಲ್ಲಿ ದೊಡ್ಡವರು ಸೇದುತ್ತಾರೆ, ಜೊತೆಯವನು ‘ಒಂದು ದಮ್ ಎಳಿ’ ಅನ್ನುತ್ತಾನೆ, ಅಂಗಡಿಯಲ್ಲಿ ಒಂದೇ ಒಂದು ಸಿಗರೇಟು ಬಿಡಿಯಾಗಿ ಸಿಗುತ್ತದೆ. ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರುವಂತಿಲ್ಲ ಅಂತ 2003ರ ಕೋಟ್ಪಾ ಅನ್ನುವ ತಂಬಾಕು ನಿಯಂತ್ರಣ ಕಾಯ್ದೆ ಹೇಳುತ್ತದೆ. ನಿಮ್ಮ ಗೇಟಿನಿಂದ ಅಂಗಡಿಗೆ ಎಷ್ಟು ಹೆಜ್ಜೆ ಅಂತ ಮಕ್ಕಳಿಂದಲೇ ಅಳೆಸಿ ನೋಡಿ, ಅದೂ ಒಂದು ಪಾಠ. ಆದರೆ ಅಂದವಾದ ಹೊಗೆಸುರುಳಿ ಬರೆಸುವುದು ಬೇಡ ಅನ್ನುವುದಾದರೆ ನಾನು ಹೆಡ್ ಮಾಸ್ಟರ್ ಕಡೆ.

ಈಗ ಆ ಅಪ್ಪನ ಕಡೆಯಿಂದ ಸ್ವಲ್ಪ ನೋಡೋಣ. ಒಂದು ದಮ್ ಎಳೆದರೆ ನಿಕೋಟಿನ್ ಹತ್ತು ಇಪ್ಪತ್ತು ಸೆಕೆಂಡಿನಲ್ಲಿ ಮೆದುಳು ಸೇರುತ್ತದೆ. ಅಲ್ಲಿ ಹಾಯೆನಿಸುವ ರಾಸಾಯನಿಕ ಬಿಡುಗಡೆಯಾಗುತ್ತದೆ. ಸ್ವಲ್ಪ ಹೊತ್ತಿಗೆ ಅದು ಇಳಿಯುತ್ತದೆ, ಮನಸ್ಸು ಕಿರಿಕಿರಿ ಅನ್ನುತ್ತದೆ, ಮತ್ತೆ ಕೈ ಜೇಬಿಗೆ ಹೋಗುತ್ತದೆ. ದಿನಕ್ಕೆ ಒಂದು ಕಟ್ಟು ಬೀಡಿ ಸೇದುವವನ ಮೆದುಳಿಗೆ ಇದು ವರ್ಷಗಟ್ಟಲೆ ಆದ ಅಭ್ಯಾಸ. ಬಿಟ್ಟ ಮೊದಲ ಮೂರು ನಾಲ್ಕು ದಿನ ತುಂಬಾ ಕಷ್ಟ. ಸಿಟ್ಟು, ನಿದ್ದೆ ಇಲ್ಲದಿರುವುದು, ತಲೆನೋವು, ಮಲಬದ್ಧತೆ. ಎರಡರಿಂದ ನಾಲ್ಕು ವಾರದಲ್ಲಿ ಇವು ತಗ್ಗುತ್ತವೆ. ಯಾರ ನೆರವೂ ಇಲ್ಲದೆ ಬಿಡುವ ನೂರು ಪ್ರಯತ್ನದಲ್ಲಿ ಗೆಲ್ಲುವುದು ಬರೀ ನಾಲ್ಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ಬಿಡಲು ಆಗದಿರುವುದಕ್ಕೆ ಮಗಳ ಮೇಲೆ ಪ್ರೀತಿ ಇಲ್ಲದಿರುವುದು ಕಾರಣವಲ್ಲ. ಈ ಒಂದು ಮಾತನ್ನು ದಯವಿಟ್ಟು ಆ ಹುಡುಗಿಗೆ ತಿಳಿಸಿ ಹೇಳಿ. ಎಷ್ಟೋ ಮಕ್ಕಳು ‘ನಾನಂದ್ರೆ ಅಪ್ಪಂಗೆ ಇಷ್ಟ ಇಲ್ಲ, ಅದಕ್ಕೇ ಬಿಡ್ತಿಲ್ಲ’ ಅಂತ ಒಳಗೇ ಕೊರಗುತ್ತಿರುತ್ತವೆ.

‘ಬೀಡಿ ಬರೀ ಎಲೆ ಅಲ್ವಾ ಸಾರ್, ಸಿಗರೇಟಿನಷ್ಟು ಕೆಟ್ಟದ್ದಲ್ಲ’ ಅನ್ನುವುದು ಹಳ್ಳಿ ಕಡೆ ಕೇಳಿಬರುವ ದೊಡ್ಡ ತಪ್ಪು. ಬೀಡಿಯ ಎಲೆಯಲ್ಲಿ ಗಾಳಿ ಸರಿಯಾಗಿ ಆಡುವುದಿಲ್ಲ. ಆರಿಹೋಗಬಾರದು ಅಂದರೆ ಮೇಲಿಂದ ಮೇಲೆ ಜೋರಾಗಿ ಎಳೆಯಬೇಕು. ಒಳಗಿರುವ ತಂಬಾಕು ಕಡಿಮೆಯಾದರೂ ಟಾರ್, ನಿಕೋಟಿನ್, ಕಾರ್ಬನ್ ಮೊನಾಕ್ಸೈಡ್ ಕಡಿಮೆಯೇನೂ ಹೋಗುವುದಿಲ್ಲ. ಬಾಯಿ, ಗಂಟಲು, ಶ್ವಾಸಕೋಶದ ಕ್ಯಾನ್ಸರ್, ಹೃದಯಾಘಾತ, ಉಬ್ಬಸದಂಥ ಸಿಒಪಿಡಿ ಅನ್ನುವ ಶ್ವಾಸಕೋಶದ ಕಾಯಿಲೆ ಎಲ್ಲವೂ ಬೀಡಿಯಿಂದಲೂ ಬರುತ್ತವೆ.

‘ಇಷ್ಟು ವರ್ಷ ಸೇದಿಯಾಯ್ತು, ಈಗ ಬಿಟ್ಟು ಏನು?’ ಅನ್ನುವುದೂ ತಪ್ಪೇ. ಕೊನೆಯ ಬೀಡಿ ಆರಿಸಿದ 20 ನಿಮಿಷಕ್ಕೆ ಹೃದಯದ ಬಡಿತ ಇಳಿಯುತ್ತದೆ. 12 ಗಂಟೆಯಲ್ಲಿ ರಕ್ತದ ಕಾರ್ಬನ್ ಮೊನಾಕ್ಸೈಡ್ ಸಾಮಾನ್ಯ ಮಟ್ಟಕ್ಕೆ ಬರುತ್ತದೆ. ಒಂದು ವರ್ಷಕ್ಕೆ, ಧೂಮಪಾನದಿಂದ ಏರಿದ್ದ ಹೃದ್ರೋಗದ ಅಪಾಯ ಹೆಚ್ಚೂ ಕಡಿಮೆ ಅರ್ಧಕ್ಕೆ ಇಳಿಯುತ್ತದೆ. ನಿಮ್ಮ ಮಕ್ಕಳು ಬರೆಯುವುದಾದರೆ ಇದನ್ನು ಬರೆಯಲಿ.

ಒಬ್ಬರ ನೆನಪು ಬರುತ್ತಿದೆ. ಎಪಿಎಂಸಿ ಯಾರ್ಡ್‌ನಲ್ಲಿ ಮೂಟೆ ಹೊರುತ್ತಿದ್ದ ಹಮಾಲಿ. ಐವತ್ತರ ಆಸುಪಾಸು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಎರಡು ಸಲ ಬಿಟ್ಟು ಎರಡು ಸಲ ಮತ್ತೆ ಶುರು ಮಾಡಿದ್ದರು. ಮೂರನೇ ಸಲ ಬಂದಾಗ ಅಂಗಿ ಜೇಬಿನಿಂದ ಬೀಡಿ ಕಟ್ಟು ತೆಗೆದು ನನ್ನ ಮೇಜಿನ ಮೇಲಿಟ್ಟರು. ಅದರ ಹಿಂದೆಯೇ ನಾಲ್ಕು ಮಡಿಕೆಯ ಒಂದು ನೋಟ್‌ಬುಕ್ ಹಾಳೆ. ಬೆವರಿಗೆ ಅಂಚು ಮೆತ್ತಗಾಗಿತ್ತು. ಎಂಟನೇ ಕ್ಲಾಸಿನ ಮಗಳು ಬರೆದ ಕಾಗದ. ಮೇಲೆ ಬಲಗಡೆ ಮೂಲೆಯಲ್ಲಿ ಸ್ಕೇಲ್ ಇಟ್ಟು ಚೌಕ ಎಳೆದಿದ್ದಳು. ಸುತ್ತ ಪೆನ್ಸಿಲಿನಲ್ಲಿ ಅಂಚೆ ಚೀಟಿಯ ಹಲ್ಲು ಹಲ್ಲು. ಒಳಗೆ ತಲೆಗೆ ಟವೆಲ್ ಸುತ್ತಿದ ಒಬ್ಬ ಮನುಷ್ಯ, ಹಲ್ಲು ಬಿಟ್ಟು ನಗುತ್ತಿದ್ದಾನೆ. ಅವರು ಅದರ ಮೇಲೆ ಬೆರಳಿಟ್ಟು, ‘ಇದು ನಾನೇ ಸಾರ್. ನೋಡಿ, ಬಾಯಲ್ಲಿ ಬೀಡಿ ಬರೆದಿಲ್ಲ ಅವಳು’ ಅಂದರು. ಇನ್ನೇನೂ ಹೇಳಲಿಲ್ಲ.

ಆ ಸಲವೂ ಪೂರ್ತಿ ಬಿಡಲು ಆಗಲಿಲ್ಲ ಅವರಿಗೆ. ನಾಲ್ಕನೇ ಸಲಕ್ಕೆ ಬಿಟ್ಟರು. ನಿಕೋಟಿನ್ ಗಮ್ ಕೊಟ್ಟೆ, ಮಾತ್ರೆ ಕೊಟ್ಟೆ, ವಾರಕ್ಕೊಮ್ಮೆ ಫೋನ್ ಮಾಡಿದೆವು, ಅವರ ಹೆಂಡತಿಯನ್ನೂ ಕೂರಿಸಿ ಮಾತಾಡಿದೆವು. ಬಿಡಿಸಿದ್ದು ಇದೆಲ್ಲ ಸೇರಿ. ಆದರೆ ಪ್ರತಿ ಸಲ ಬಿದ್ದಾಗಲೂ ಅವರನ್ನು ನನ್ನ ಬಾಗಿಲಿಗೆ ವಾಪಸ್ ಕರೆತಂದದ್ದು ಆ ಹಾಳೆ. ಅದಕ್ಕೇ ಹೇಳಿದೆ, ಅಂಚೆ ಚೀಟಿಗೆ ಅದರದ್ದೇ ಶಕ್ತಿ ಇದೆ ಅಂತ.

ಹಾಗಾಗಿ ನನ್ನ ಸಲಹೆ ಇಷ್ಟು. ಮಕ್ಕಳಿಗೆ ರೋಗ ಬರೆಯಿರಿ ಅನ್ನಬೇಡಿ, ಮನುಷ್ಯನನ್ನು ಬರೆಯಿರಿ ಅನ್ನಿ. ‘ನಿಮಗೆ ತುಂಬಾ ಬೇಕಾದ ಒಬ್ಬರ ಮೇಲೆ ಸರ್ಕಾರ ಅಂಚೆ ಚೀಟಿ ತರುತ್ತದೆ ಅಂದುಕೊಳ್ಳಿ. ಅವರು ಯಾವ ಕೆಲಸ ಮಾಡುತ್ತಿರುವಾಗ ಚೆನ್ನಾಗಿ ಕಾಣುತ್ತಾರೆ?’ ಅಂತ ಕೇಳಿ. ಎತ್ತು ತೊಳೆಯುವ ಅಪ್ಪ, ತಮಟೆ ಬಾರಿಸುವ ಮಾವ, ಮೊಮ್ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡ ತಾತ. ಬೀಡಿ ಇಲ್ಲ, ಬುರುಡೆ ಇಲ್ಲ. ಕೆಳಗೆ ಒಂದೇ ಸಾಲು, ಮಗುವಿನ ಮಾತಿನಲ್ಲೇ. ಇದಕ್ಕೆ ಮುಂಚೆ ಜಾನ್ಸನ್, ಮಾಲ್ರೋ ಇಬ್ಬರ ಫೋಟೋ ಮತ್ತು ಚೀಟಿಯನ್ನು ಅಕ್ಕಪಕ್ಕ ಇಟ್ಟು ತೋರಿಸಿ, ‘ಏನು ವ್ಯತ್ಯಾಸ?’ ಅಂತ ಕೇಳಿ ನೋಡಿ. ನಾನು ಶಾಲೆಗಳಿಗೆ ಹೋದಾಗ ಇದನ್ನೇ ಮಾಡುತ್ತೇನೆ. ಮಕ್ಕಳು ಅರ್ಧ ನಿಮಿಷದಲ್ಲಿ ಹಿಡಿಯುತ್ತಾರೆ. ಯಾಕೆ ತೆಗೆದರು, ತೆಗೆದದ್ದು ಸರಿಯಾ ಅಂತ ಅವರೇ ಜಗಳಕ್ಕೆ ಬೀಳುತ್ತಾರೆ. ಆಗ ನೀವು ಸುಮ್ನೆ ಕೂತರೂ ಸಾಕು.

ಇನ್ನು, ನಿಜವಾದ ಅಂಚೆ ಚೀಟಿ ಮಾಡಿಸಬಹುದಾ? ದಾರಿಗಳಿವೆ. ಅಂಚೆ ಇಲಾಖೆಯ ‘ಮೈ ಸ್ಟಾಂಪ್’ ಯೋಜನೆ 2011ರಿಂದ ಇದೆ. ನಾವು ಕೊಟ್ಟ ಚಿತ್ರವನ್ನು ಇಲಾಖೆಯ ಚೀಟಿಯ ಜೊತೆ ಅಚ್ಚು ಹಾಕಿಕೊಡುತ್ತಾರೆ. 5 ರೂಪಾಯಿಯ 12 ಚೀಟಿ ಇರುವ ಹಾಳೆಗೆ 300 ರೂಪಾಯಿ ಇಟ್ಟಿದ್ದರು. ಹೋಗುವ ಮುಂಚೆ ಈಗಿನ ದರ ವಿಚಾರಿಸಿ. ಬೆಂಗಳೂರಿನ ಜಿಪಿಒ ಅಥವಾ ಮೈಸೂರಿನ ಪ್ರಧಾನ ಅಂಚೆ ಕಚೇರಿಯಲ್ಲಿ ಫಿಲಾಟೆಲಿ (ಅಂಚೆ ಚೀಟಿ ಸಂಗ್ರಹದ) ವಿಭಾಗ ಎಲ್ಲಿ ಅಂತ ಕೇಳಿದರೆ ಹೇಳುತ್ತಾರೆ. ಚಿತ್ರ ಒಪ್ಪುವುದು ಬಿಡುವುದು ಇಲಾಖೆಗೆ ಬಿಟ್ಟದ್ದು. ಭೀಕರ ಚಿತ್ರ, ರಾಜಕೀಯ ಇದ್ದರೆ ತಿರಸ್ಕರಿಸಬಹುದು. ಇದರಲ್ಲಿ ನನಗೆ ಕಾಣುವ ತೊಂದರೆ ಬೇರೆ. 34 ಮಕ್ಕಳಲ್ಲಿ ಒಬ್ಬರ ಚಿತ್ರ ಮಾತ್ರ ಆರಿಸಬೇಕಾಗುತ್ತದೆ. ಆಗ ಇದು ಸ್ಪರ್ಧೆಯಾಗುತ್ತದೆ, ಉಳಿದವರ ಅಪ್ಪಂದಿರು ಹಿಂದೆ ಉಳಿಯುತ್ತಾರೆ. ಶಾಲೆಗೆ ದೊಡ್ಡ ಸಮಾರಂಭ ಇದ್ದರೆ ವಿಶೇಷ ಲಕೋಟೆಗೆ, ವಿಶೇಷ ಮುದ್ರೆಗೆ ಅಂಚೆ ಇಲಾಖೆಯನ್ನು ಕೇಳಬಹುದು. ಆದರೆ ಅದಕ್ಕೆ ಹಣ, ಓಡಾಟ, ತಿಂಗಳುಗಟ್ಟಲೆ ಸಮಯ ಬೇಕು. ಈ ಮೇ 31ಕ್ಕೆ ಆಗುವ ಮಾತಲ್ಲ.

ನಾನಾದರೆ 50 ಪೈಸೆಯ ಪೋಸ್ಟ್ ಕಾರ್ಡ್ ಆರಿಸುತ್ತೇನೆ. ಅಥವಾ ಒಂದು ಲಕೋಟೆ, ಅದಕ್ಕೆ 5 ರೂಪಾಯಿಯ ಮಾಮೂಲಿ ಚೀಟಿ. ಮಗು ಬರೆದ ಚೀಟಿಯನ್ನು ಲಕೋಟೆಯ ಹಿಂಬದಿ ಅಂಟಿಸಲಿ, ಆ ಹಳೇ ಕ್ಷಯರೋಗದ ಸೀಲ್ ಹಾಗೆ. ಇಲ್ಲಿ ಒಂದು ಎಚ್ಚರಿಕೆ. ಮಕ್ಕಳು ಉತ್ಸಾಹದಲ್ಲಿ ‘ಭಾರತ’ ಅಂತ ಬರೆದು 5 ರೂಪಾಯಿ ಅಂತ ಬೆಲೆಯನ್ನೂ ಹಾಕಿಬಿಡುತ್ತಾರೆ. ಅದು ಬೇಡ. ಸರ್ಕಾರದ ಅಂಚೆ ಚೀಟಿಯಂತೆ ತೋರುವ ನಕಲು ಮಾಡುವುದನ್ನು ಕಾನೂನು ಒಪ್ಪುವುದಿಲ್ಲ. ಹಿಂದೆ ಐಪಿಸಿ 263ಎ ಇತ್ತು, ಈಗ ಭಾರತೀಯ ನ್ಯಾಯ ಸಂಹಿತೆಯ 186ನೇ ಸೆಕ್ಷನ್. ಮಕ್ಕಳ ಚಿತ್ರಕ್ಕೆ ಯಾರಾದರೂ ಕೇಸು ಹಾಕುತ್ತಾರೆ ಅಂತ ನಾನು ಹೇಳುತ್ತಿಲ್ಲ. ಆದರೆ ದೇಶದ ಹೆಸರು, ಬೆಲೆ ಎರಡನ್ನೂ ಬಿಟ್ಟು ಆ ಜಾಗದಲ್ಲಿ ಮನೆಯವರ ಹೆಸರು ಬರೆದರೆ ಚೀಟಿ ಇನ್ನೂ ಚೆನ್ನಾಗಿ ಕಾಣುತ್ತದೆ.

ಕಾಗದವನ್ನು ಮಗು ಕೈಯಲ್ಲೇ ಕೊಡಬಹುದಲ್ಲ, ಅಂಚೆಗೆ ಯಾಕೆ ಹಾಕಬೇಕು ಅಂತ ಕೇಳಬಹುದು. ಕೈಯಲ್ಲಿ ಕೊಟ್ಟರೆ ಎದುರಿಗೆ ನಿಂತಿರುವ ಮಗುವಿಗೆ ಆಗಲೇ ಉತ್ತರ ಕೊಡಬೇಕಾಗುತ್ತದೆ. ಅಪ್ಪನಿಗೆ ಮುಜುಗರ, ಇಲ್ಲವೇ ಸಿಟ್ಟು. ಅಂಚೆಯಣ್ಣ ತಂದುಕೊಟ್ಟರೆ ಒಬ್ಬನೇ ಕೂತು ಓದಬಹುದು. ಈಗಿನ ಕಾಲದಲ್ಲಿ ಹೆಸರು ಬರೆದ ಕಾಗದ ಮನೆಗೆ ಬರುವುದೇ ಅಪರೂಪ. ಎಸೆಯಲು ಮನಸ್ಸು ಬರುವುದಿಲ್ಲ. ಈ ವಿಷಯದಲ್ಲಿ ಪೋಸ್ಟ್ ಕಾರ್ಡಿಗಿಂತ ಮುಚ್ಚಿದ ಲಕೋಟೆಯೇ ವಾಸಿ, ಊರೆಲ್ಲ ಓದುವುದು ಬೇಡ.

ಕಾಗದದ ಕೊನೆಯಲ್ಲಿ 1800-11-2356 ಅಂತ ಬರೆಸಿ. ಇದು ತಂಬಾಕು ಬಿಡಲು ನೆರವಾಗುವ ರಾಷ್ಟ್ರೀಯ ಕ್ವಿಟ್‌ಲೈನ್. ಕರೆಗೆ ದುಡ್ಡಿಲ್ಲ. ಅದರ ಒಂದು ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೇ ಇದೆ, ಕನ್ನಡದಲ್ಲಿ ಮಾತಾಡಬಹುದು. ಜಿಲ್ಲಾಸ್ಪತ್ರೆಯಲ್ಲಿ ತಂಬಾಕು ಬಿಡಿಸುವ ವಿಭಾಗ ಇದೆಯಾ ಅಂತಲೂ ವಿಚಾರಿಸಿಡಿ. ನಿಕೋಟಿನ್ ಗಮ್ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಆದರೆ ಚೂಯಿಂಗ್ ಗಮ್ ಥರ ಅಗಿಯುತ್ತಲೇ ಇರಬಾರದು. ಖಾರ ಅನ್ನಿಸುವವರೆಗೆ ನಿಧಾನವಾಗಿ ಅಗಿದು ದವಡೆಯ ಪಕ್ಕ ಇಟ್ಟುಕೊಳ್ಳಬೇಕು. ಇಲ್ಲವಾದರೆ ಹೊಟ್ಟೆ ತೊಳಸುತ್ತದೆ. ಹೃದಯದ ತೊಂದರೆ ಇದ್ದವರು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಲಿ. ಮಾತ್ರೆಗಳಂತೂ ವೈದ್ಯರ ಚೀಟಿ ಇಲ್ಲದೆ ಬೇಡವೇ ಬೇಡ.

ಹೆಡ್ ಮಾಸ್ಟರ್ ಹೇಳಿದ ಎರಡನೇ ಮಾತು, ಹೊಗೆಸೊಪ್ಪು ಬೆಳೆಯುವ ಊರು ಅನ್ನುವುದು, ತೂಕದ ಮಾತು. ಪಿರಿಯಾಪಟ್ಟಣ, ಹುಣಸೂರು ಕಡೆ ಎಷ್ಟೋ ಮಕ್ಕಳ ಪುಸ್ತಕ, ಚಪ್ಪಲಿ ಎಲ್ಲ ಬರುವುದು ಹರಾಜು ಕಟ್ಟೆಯಲ್ಲಿ ಸೊಪ್ಪು ಮಾರಿದ ದುಡ್ಡಿನಿಂದ. ಶಾಲೆ ಶುರುವಾಗುವ ಹೊತ್ತಿಗೆ ನಾಟಿಯ ಕೆಲಸ ಜೋರು. ಆ ಮಕ್ಕಳ ಕೈಲಿ ಸೊಪ್ಪಿನ ಗಿಡಕ್ಕೆ ರಾಕ್ಷಸನ ಮುಖ ಬರೆಸಿದರೆ ಅವರ ಅಪ್ಪ ಅಮ್ಮನಿಗೇ ಆ ಮುಖ ಹಾಕಿದಂತೆ. ಅದು ಬೇಡ. ಬೆಳೆಗಾರರಿಗೆ ಬೇರೆ ದಾರಿ ಮಾಡಿಕೊಡುವುದು ಸರ್ಕಾರದ ಕೆಲಸ. ಭಾರತ ಸಹಿ ಹಾಕಿರುವ ಅಂತರರಾಷ್ಟ್ರೀಯ ತಂಬಾಕು ನಿಯಂತ್ರಣ ಒಪ್ಪಂದವೂ ಅದನ್ನೇ ಹೇಳುತ್ತದೆ. ಎಂಟನೇ ಕ್ಲಾಸಿನ ಮಗುವಿನ ಹೆಗಲಿಗೆ ಆ ಭಾರ ಬೇಡ.

ಆದರೆ ಆ ಮಕ್ಕಳಿಗೆ ಒಂದು ವಿಷಯ ಹೇಳಲೇಬೇಕು. ಸೊಪ್ಪು ಮುರಿಯುವಾಗ, ಅದರಲ್ಲೂ ಇಬ್ಬನಿಗೋ ಮಳೆಗೋ ಎಲೆ ಒದ್ದೆಯಾಗಿರುವಾಗ, ನಿಕೋಟಿನ್ ಚರ್ಮದ ಮೂಲಕವೇ ಒಳಗೆ ಹೋಗುತ್ತದೆ. ತಲೆ ಸುತ್ತು, ವಾಂತಿ, ಸುಸ್ತು. ಮನೆಯವರು ಬಿಸಿಲು ಬಡಿದಿದೆ ಅಂದುಕೊಳ್ಳುತ್ತಾರೆ. ಸಣ್ಣ ಮೈಯ ಮಕ್ಕಳಿಗೆ ಇದು ಬೇಗ ತಗಲುತ್ತದೆ. ಮಕ್ಕಳನ್ನು ಸೊಪ್ಪು ಮುರಿಯಲು ಕಳಿಸಲೇಬಾರದು. ದೊಡ್ಡವರು ಗ್ಲೌಸ್, ಉದ್ದ ತೋಳಿನ ಅಂಗಿ ಹಾಕಿಕೊಂಡು, ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಬೇಕು. ಜಾಥಾದ ದಿನ ಘೋಷಣೆಯ ಬದಲು ಇದನ್ನೊಂದು ಹೇಳಿದರೂ ಪುಣ್ಯ ಬರುತ್ತದೆ.

ಇನ್ನು ಎರಡು ಮಾತು, ಮಕ್ಕಳ ಮನಸ್ಸಿನ ಬಗ್ಗೆ. ಎಲ್ಲರೂ ಬರೆಯಲೇಬೇಕು ಅಂತ ಕಡ್ಡಾಯ ಮಾಡಬೇಡಿ. ಕಾಗದ ನೋಡಿ ಅಪ್ಪ ಹೊಡೆಯುವ ಮನೆಗಳೂ ಇರುತ್ತವೆ. ಅಂಥ ಮಗು ತಾತನಿಗೋ ಬಸ್ ಕಂಡಕ್ಟರ್‌ಗೋ ಮುಂದೆ ದೊಡ್ಡವನಾದ ತನಗೋ ಬರೆಯಲಿ. ಬರೆದದ್ದನ್ನು ಕ್ಲಾಸಿನಲ್ಲಿ ಜೋರಾಗಿ ಓದಿಸಬೇಡಿ, ಗೋಡೆಗೆ ಹಚ್ಚಬೇಡಿ. ನೀವೂ ಓದಬೇಡಿ. ಚಿತ್ರಕ್ಕೆ ಅಂಕ ಕೊಡಬೇಡಿ. ‘ಯಾರ ಅಪ್ಪ ಬಿಟ್ಟರು?’ ಅಂತ ತಿಂಗಳಾದ ಮೇಲೆ ಕೈ ಎತ್ತಿಸುವುದಂತೂ ಬೇಡವೇ ಬೇಡ.

ಆ ಹುಡುಗಿಗೆ ನಾನಾದರೆ ಹೀಗೆ ಹೇಳುತ್ತಿದ್ದೆ: ‘ಇದನ್ನು ನೋಡಿದ ತಕ್ಷಣ ನಿಮ್ಮಪ್ಪ ಬಿಡಲ್ಲಮ್ಮ. ಅದು ತುಂಬಾ ಕಷ್ಟದ ಕೆಲಸ, ದೊಡ್ಡವರಿಗೂ ನಾಲ್ಕೈದು ಸಲ ಬೀಳ್ತಾ ಏಳ್ತಾ ಆಗೋದು. ಬಿಡಿಸೋದು ನಿನ್ನ ಕೆಲಸ ಅಲ್ಲ, ಅದು ಅವರದ್ದು ಮತ್ತೆ ಡಾಕ್ಟರ್‌ದು. ಆದರೆ ನಿಂಗೆ ಅಪ್ಪ ಹೇಗಿದ್ರೆ ಇಷ್ಟ ಅಂತ ಅವರಿಗೆ ತೋರಿಸಬಹುದು. ಅದನ್ನ ನಿನ್ನಷ್ಟು ಚೆನ್ನಾಗಿ ಬೇರೆ ಯಾರಿಗೂ ಬರೆಯೋಕೆ ಬರಲ್ಲ.’ ಇಷ್ಟು ಹೇಳಿ ಖಾಲಿ ಹಾಳೆಯನ್ನು ಅವಳ ಹತ್ತಿರವೇ ಬಿಟ್ಟುಬಿಡಿ. ಬರೆದರೆ ಬರೆಯುತ್ತಾಳೆ. ಬರೆಯದಿದ್ದರೂ ತಪ್ಪೇನಿಲ್ಲ.

ಅವಳು ಬರೆದು, ಅವಳಿಗೂ ಮನೆಯವರಿಗೂ ಒಪ್ಪಿಗೆ ಇದ್ದರೆ, ಚಿತ್ರದ ಒಂದು ಪ್ರತಿ ನನಗೂ ಕಳಿಸಿಕೊಡಿ ಮೇಡಂ. ನನ್ನ ಆಲ್ಬಮ್‌ನಲ್ಲಿ 1980ರ ಚೀಟಿಗಳ ಎದುರಿನ ಪುಟ ಇನ್ನೂ ಖಾಲಿ ಇದೆ.